ತೆರೆದಿಟ್ಟ ಕಡತ

ಕಾಗದದ ಕಟ್ಟಿಗೂ ಕಂಪ್ಯೂಟರಿನೊಳಗಿನ ಪತ್ರವ್ಯವಹಾರಕ್ಕೂ ಇಂದಿನ ಸರಕಾರಿ ಕಛೇರಿಗಳಲ್ಲಿ ‘ಕಡತ’ವೆಂಬ ಒಂದೇ ಹೆಸರು. ಅದು ಮೂಲತಃ ಬಟ್ಟೆಯ ಪುಸ್ತಕವೆಂಬುದು ಬಹುಮಂದಿಗೆ ಮರೆತುಹೋಗಿದೆ. ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶಾನುಭೋಗರು ಎದ್ದು ಹೋಗಬೇಕಾದರೆ ಮಡಿಕೆ ಮುಚ್ಚಿದರಾಯಿತು, ಅಕ್ಷರವೆಲ್ಲ ಒಳಗೆ. ಸಾಲದುದಕ್ಕೆ, ಮೋಡಿಯಲ್ಲಿ ಬರೆದಿದ್ದರೆ ಓದಬಲ್ಲವರಾದರೂ ಊರಲ್ಲಿ ಎಷ್ಟು ಜನ? ಈ ಗುಟ್ಟು ರೈತನಿಗೆ ಹಿತವಾಗಿತ್ತೆಂದು ನಾನು ಹೇಳಲಾರೆ. ತನ್ನ ಗದ್ದೆಯ ಲೆಕ್ಕ ತನಗೇ ಕಾಣದಂತಿದ್ದುದು ಅವನ ಪಾಡು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಶಾಸನ ಬಂದುದು 1961ರಲ್ಲಿ.

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ‘ಭೂಮಿ’ ಯೋಜನೆಯು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರ ಎರಡು ಏರ್ಪಾಡುಗಳು ನನಗೆ ಬಹಳ ಮೆಚ್ಚಿಗೆಯಾದವು. ತಾಲ್ಲೂಕು ಕೇಂದ್ರದಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ತೆರೆಯೊಂದನ್ನು ಇಟ್ಟರು. ತನ್ನ ಕೆಲಸ ನಡೆಯುವುದನ್ನು ಅವನೇ ನೋಡಬಹುದು. ದಾಖಲೆ ತಿದ್ದುವ ನೌಕರನಾದರೋ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ನೋಡುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ ಎಂಬ ವಿವೇಕ ಇದರಲ್ಲಿದೆ. ಆದರೆ ಬೆರಳಚ್ಚು ಹೇಳುವುದು ಕುರ್ಚಿಯಲ್ಲಿ ಮೊದಲು ಕುಳಿತವನಾರೆಂಬುದನ್ನು ಮಾತ್ರ. ಅವನು ತೆರೆದಿಟ್ಟು ಎದ್ದುಹೋದ ಮೇಲೆ ಯಾರು ಕುಳಿತರೂ ಯಂತ್ರಕ್ಕೆ ಅವನೇ.

ಈಚೆಗೆ ಶಿವಮೊಗ್ಗೆಯಿಂದ ಭದ್ರಾವತಿಗೆ ಹೋದಾಗ ಒಂದು ಕಛೇರಿಯಲ್ಲಿ ಇದನ್ನೇ ಕಂಡೆ. ಗುಮಾಸ್ತರು ಚಹಕ್ಕೆ ಹೋಗಿದ್ದರು. ತೆರೆಯ ಮೇಲೆ ನಿವೃತ್ತರೊಬ್ಬರ ಹೆಸರು, ಪಿಂಚಣಿಯ ಮೊತ್ತ, ಕಾಯಿಲೆಯ ವಿವರ. ಸಾಲಿನಲ್ಲಿ ನನ್ನ ಮುಂದಿದ್ದವರು ಪಕ್ಕದವರಿಗೆ, “ಇವರು ನಮ್ಮ ಬೀದಿಯವರೇ ಕಣ್ರೀ” ಎಂದರು. ಮುದುಕರು ಮನೆಯವರಿಂದಲೂ ಬಚ್ಚಿಟ್ಟಿದ್ದಿರಬಹುದಾದ ಸಂಗತಿ ಸಂಜೆಯೊಳಗೆ ಬೀದಿಗೆ ತಲುಪಿರಬೇಕು.

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು ಮಂತ್ರಾಲೋಚನೆಯ ಸ್ಥಳಕ್ಕೆ ಹಕ್ಕಿಯ ಕಣ್ಣೂ ಬೀಳಬಾರದೆನ್ನುತ್ತದೆ. ಗಿಳಿ, ಗೊರವಂಕಗಳಿಂದ ಗುಟ್ಟು ಒಡೆದ ಕಥೆಗಳನ್ನು ಅದು ನೆನೆಯುತ್ತದೆ. ನಮ್ಮ ಸಾಲಿನಲ್ಲಿದ್ದವು ಆ ಗಿಳಿಗಳೇ!

ಕಂಪ್ಯೂಟರಿಗೆ ಗುಪ್ತಪದ ಬಂದುದು ಅಮೆರಿಕದ ಎಂ.ಐ.ಟಿ.ಯಲ್ಲಿ, 1961ರ ಸುಮಾರಿಗೆ, ಕಾರ್ಬಟೊ ಅವರ ತಂಡದಿಂದ. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಗೊತ್ತುಮಾಡಿದ್ದ ಸಮಯ ಸಾಲದೆ, ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡ. ಬೀಗದ ಕೈಗಳೆಲ್ಲ ಒಂದೇ ಗೂಟದಲ್ಲಿ ನೇತಾಡುತ್ತಿದ್ದವು, ಅಷ್ಟೇ.

ಕಡತದ ಮಡಿಕೆಗೆ ಸಮನಾದುದು ಇಂದಿನ ಯಂತ್ರದಲ್ಲಿಯೂ ಉಂಟು. 2001ರ ವಿಂಡೋಸ್ ಎಕ್ಸ್‌ಪಿ ಬಂದಂದಿನಿಂದ, ವಿಂಡೋಸ್ ಗುರುತಿನ ಗುಂಡಿಯೊಡನೆ ‘ಎಲ್’ ಒತ್ತಿದರೆ ತೆರೆಗೆ ಬೀಗ ಬೀಳುತ್ತದೆ. ಮರೆತವರಿಗಾಗಿ, ಕೆಲ ನಿಮಿಷ ಕೈಸೋಕದಿದ್ದರೆ ತಾನೇ ಮುಚ್ಚಿಕೊಳ್ಳುವಂತೆಯೂ ಮಾಡಬಹುದು. ಆದರೆ ಗುಮಾಸ್ತರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಮೇಜನ್ನು ಸಾಲಿನ ಕಣ್ಣಿಗೆ ಬೀಳುವಂತೆ ಹಾಕಿದವರು ಅವರಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಕಾಪಾಡುವ ಹೊಣೆಯನ್ನು ಹೊರಿಸಿರುವುದು ಮಾಹಿತಿ ಪಡೆದ ಸಂಸ್ಥೆಯ ಮೇಲೆ.