ಉಷ್ಣ: ಪರಿಕಲ್ಪನೆಯ ಇತಿಹಾಸ

ತಾಪದಲ್ಲಿ ವ್ಯತ್ಯಾಸವಿರುವ ಎರಡು ವಸ್ತುಗಳ ನಡುವೆ, ಆ ವ್ಯತ್ಯಾಸದ ಕಾರಣದಿಂದಲೇ ಸಾಗುವ ಶಕ್ತಿಗೆ ಉಷ್ಣ ಎಂದು ಹೆಸರು. ಈ ಅರ್ಥ ನೆಲೆಗೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮೊದಲು ಉಷ್ಣ ದ್ರವ್ಯವೋ ಚಲನೆಯೋ ಎಂಬ ವಿವಾದ ದೀರ್ಘಕಾಲ ನಡೆಯಿತು. 1798ರ ಒಂದೇ ಪ್ರಯೋಗ ಅದನ್ನು ಬಗೆಹರಿಸಿತೆಂದು ಅನೇಕ ಪಠ್ಯಗಳು ಹೇಳುತ್ತವೆ. ದಾಖಲೆಗಳು ಬೇರೆಯೇ ಕಥೆ ಹೇಳುತ್ತವೆ.

ಭಾರತದಲ್ಲಿ ವೈಶೇಷಿಕರು ತೇಜಸ್ಸನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದು ಎಣಿಸಿ, ಉಷ್ಣಸ್ಪರ್ಶವನ್ನು ಅದರ ಲಕ್ಷಣವೆಂದರು. ಹಸಿ ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾಗುವಾಗ ಬದಲಾಗುವುದು ಬಿಡಿ ಪರಮಾಣುಗಳೆಂಬುದು ಅವರ ಪೀಲುಪಾಕವಾದ. ಇಡೀ ಮಡಕೆಯೇ ಬದಲಾಗುತ್ತದೆಂಬುದು ನೈಯಾಯಿಕರ ಪಿಠರಪಾಕವಾದ. ಇದನ್ನು ಆಧುನಿಕ ಅಣುಚಲನ ಸಿದ್ಧಾಂತದ ಮುನ್ಸೂಚನೆಯೆಂದು ಓದುವುದು ತಪ್ಪು. ಬೆಂದ ಮಡಕೆ ಹಿಂದಿನ ಮಡಕೆಯೇ ಹೌದೇ ಎಂಬ ಆ ಪ್ರಶ್ನೆಗೆ ತನ್ನದೇ ಆದ ಘನತೆಯಿದೆ.

ಯೂರೋಪಿನಲ್ಲಿ ಅಳತೆ ಮೊದಲು ಬಂತು, ವಿವರಣೆ ಆಮೇಲೆ. ಫ್ಯಾರನ್‌ಹೈಟ್ 1714ರ ಸುಮಾರಿಗೆ ನಂಬಬಹುದಾದ ಪಾದರಸದ ತಾಪಮಾಪಕವನ್ನು ತಯಾರಿಸಿದ. 1742ರಲ್ಲಿ ಸೆಲ್ಸಿಯಸ್ ರೂಪಿಸಿದ ಮಾನದಲ್ಲಿ ನೀರು ಕುದಿಯುವುದು 0ಯಲ್ಲಿ, ಹೆಪ್ಪುಗಟ್ಟುವುದು 100ರಲ್ಲಿ. ಅದನ್ನು ತಿರುಗಿಸಿದವನು ಲಿನ್ನೇಯಸನೋ ಸ್ಟ್ರೋಮರನೋ ಎಂಬ ಚರ್ಚೆಯಿದೆ. ಲಿಯೋನಿನ ಕ್ರಿಸ್ಟಿನ್ 1743ರಲ್ಲಿ ಸ್ವತಂತ್ರವಾಗಿಯೇ ಇಂದಿನ ಕ್ರಮವನ್ನು ಬಳಸಿದ್ದ.

ತಾಪ ಬೇರೆ, ಉಷ್ಣದ ಪ್ರಮಾಣ ಬೇರೆ ಎಂಬುದನ್ನು ಸ್ಪಷ್ಟಪಡಿಸಿದವನು ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್. ಕರಗುತ್ತಿರುವ ಮಂಜುಗಡ್ಡೆ ತಾಪ ಏರದೆಯೇ ಉಷ್ಣವನ್ನು ಹೀರುವುದನ್ನು 1760ರ ದಶಕದ ಆರಂಭದಲ್ಲಿ ಗುರುತಿಸಿ ಗುಪ್ತೋಷ್ಣದ ಕಲ್ಪನೆ ಕೊಟ್ಟ. ಆದರೆ ಅವನ ಉಪನ್ಯಾಸಗಳು ಅಚ್ಚಾದದ್ದು ಮರಣಾನಂತರ, 1803ರಲ್ಲಿ. ಅಷ್ಟರಲ್ಲಿ ಸ್ವೀಡನ್ನಿನ ವಿಲ್ಕೆ ಅದೇ ಸಂಗತಿಯನ್ನು 1772ರಲ್ಲಿ ಪ್ರಕಟಿಸಿದ್ದ. ಲವಾಸಿಯೇ 1789ರಲ್ಲಿ ಕ್ಯಾಲರಿಕ್ ಎಂಬ ಉಷ್ಣದ್ರವ್ಯವನ್ನು ಮೂಲವಸ್ತುಗಳ ಪಟ್ಟಿಗೇ ಸೇರಿಸಿದ.

ವಿವಾದದ ಕೇಂದ್ರದಲ್ಲಿರುವವನು ರಮ್‌ಫರ್ಡ್. ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ತೋಪಿನ ಲೋಹವನ್ನು ಮೊಂಡು ಬೈರಿಗೆಯಿಂದ ಉಜ್ಜಿಸಿ, ಕುದುರೆಗಳ ದುಡಿಮೆಯಿಂದಲೇ ಸುಮಾರು ಎರಡೂವರೆ ಗಂಟೆಯಲ್ಲಿ ನೀರನ್ನು ಕುದಿಸಿದ. ಉಜ್ಜಿದಷ್ಟೂ ಹುಟ್ಟುವುದು ದ್ರವ್ಯವಾಗಿರಲು ಸಾಧ್ಯವಿಲ್ಲ, ಚಲನೆಯೇ ಇರಬೇಕು ಎಂಬುದು 1798ರ ಪ್ರಬಂಧದ ತರ್ಕ. ಆದರೆ ಸಮಕಾಲೀನರು ಒಪ್ಪಲಿಲ್ಲ. ಲೋಹದಲ್ಲಿ ಅಡಗಿದ ಕ್ಯಾಲರಿಕ್ ಅಪಾರ, ಈ ಪ್ರಯೋಗ ಹಿಂಡಿದ್ದು ಅದರ ಅಲ್ಪಾಂಶವನ್ನು ಮಾತ್ರ ಎಂದು ಅವರು ಉತ್ತರಿಸಿದರು. ಆ ಹೊತ್ತಿಗೆ ಅದನ್ನು ಅಲ್ಲಗಳೆಯುವ ಅಳತೆ ಯಾರ ಬಳಿಯೂ ಇರಲಿಲ್ಲ.

ಕ್ಯಾಲರಿಕ್ ಬರೀ ಹಟದಿಂದ ಉಳಿಯಲಿಲ್ಲ. ಅದರಿಂದ ಕೆಲಸ ಆಗುತ್ತಿತ್ತು. ನ್ಯೂಟನ್ ಲೆಕ್ಕ ಹಾಕಿದ ಶಬ್ದವೇಗ ನಿಜಕ್ಕಿಂತ ಗಣನೀಯವಾಗಿ ಕಡಿಮೆಯಿತ್ತು. ಲಾಪ್ಲಾಸ್ 1816ರಲ್ಲಿ ಅದನ್ನು ತಿದ್ದಿದ್ದು ಕ್ಯಾಲರಿಕ್ ನಂಬಿಕೆಯ ಮೇಲೆಯೇ. ಬೀಳುವ ನೀರು ಚಕ್ರ ತಿರುಗಿಸುವಂತೆ ಮೇಲಿನ ತಾಪದಿಂದ ಕೆಳಗಿನ ತಾಪಕ್ಕೆ ಇಳಿಯುವ ಕ್ಯಾಲರಿಕ್ ಯಂತ್ರವನ್ನು ದುಡಿಸುತ್ತದೆ ಎಂದು 1824ರಲ್ಲಿ ಸಾದಿ ಕಾರ್ನೋ ಬರೆದ. ಕಾರಣ ತಪ್ಪಾಗಿದ್ದರೂ ಯಂತ್ರದ ದಕ್ಷತೆಗೆ ಮಿತಿಯಿದೆ ಎಂಬ ಅವನ ಫಲಿತಾಂಶ ಇಂದಿಗೂ ನಿಂತಿದೆ. 1832ರಲ್ಲಿ ಕಾಲರಾಕ್ಕೆ ಬಲಿಯಾದ ಕಾರ್ನೋನ ಟಿಪ್ಪಣಿಗಳು 1878ರಲ್ಲಿ ಬೆಳಕು ಕಂಡಾಗ, ಆತ ಕ್ಯಾಲರಿಕ್ ಅನ್ನು ಕೈಬಿಟ್ಟು ಉಷ್ಣ ಮತ್ತು ಕೆಲಸದ ನಡುವಿನ ವಿನಿಮಯ ದರವನ್ನೂ ಅಂದಾಜಿಸಿದ್ದನೆಂದು ತಿಳಿಯಿತು.

ಆ ದರಕ್ಕೆ ಇಬ್ಬರು ಹಕ್ಕುದಾರರು. ಜರ್ಮನ್ ವೈದ್ಯ ಮೇಯರ್ 1840ರಲ್ಲಿ ಡಚ್ ಹಡಗಿನೊಂದಿಗೆ ಜಾವಾಕ್ಕೆ ಹೋಗಿದ್ದಾಗ, ನಾವಿಕರ ಅಭಿಧಮನಿಯ ರಕ್ತ ನಿರೀಕ್ಷೆಗಿಂತ ಕೆಂಪಾಗಿರುವುದನ್ನು ಕಂಡ. ಸೆಕೆಯ ನಾಡಿನಲ್ಲಿ ಮೈ ಬೆಚ್ಚಗಿರಲು ಕಡಿಮೆ ದಹನ ಸಾಕು ಎಂದು ಊಹಿಸಿದ. 1842ರಲ್ಲಿ ದರವನ್ನೂ ಪ್ರಕಟಿಸಿದ: ಒಂದು ತೂಕದ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಕಾಯಿಸುವ ಉಷ್ಣಕ್ಕೆ, ಅಷ್ಟೇ ತೂಕ 365 ಮೀಟರಿನಿಂದ ಬೀಳುವುದು ಸಮ. ಇಂದಿನ ಲೆಕ್ಕದಲ್ಲಿ ಅದು ಸುಮಾರು 427 ಮೀಟರ್. ಬ್ರೂವರಿ ಮಾಲೀಕನ ಮಗ ಜೂಲ್ 1843ರಿಂದ ಬೇರೆ ಬೇರೆ ವಿಧಾನಗಳಲ್ಲಿ ಅಳೆದು, ನೀರನ್ನು ಕಡೆಯುವ ಚಕ್ರದಿಂದ 1850ರಲ್ಲಿ ಪ್ರಕಟಿಸಿದ ಅಂಕಿಗೂ ಇಂದಿನ ಮೌಲ್ಯಕ್ಕೂ ಶೇ. 1ರಷ್ಟೂ ಅಂತರವಿಲ್ಲ. 1862ರಲ್ಲಿ ಟಿಂಡಾಲ್ ಮೇಯರನ ಪರ ಮಾತಾಡಿದ್ದಕ್ಕೆ ಥಾಮ್ಸನ್ ಮತ್ತು ಟೇಟ್ ಕೆರಳಿ ಬರೆದರು. ರಾಯಲ್ ಸೊಸೈಟಿ ಕಾಪ್ಲೆ ಪದಕವನ್ನು 1870ರಲ್ಲಿ ಜೂಲ್‌ಗೆ, 1871ರಲ್ಲಿ ಮೇಯರ್‌ಗೆ ಕೊಟ್ಟಿತು. ಮೊದಲು ಅಚ್ಚಿನಲ್ಲಿ ಹೇಳಿದವನು ಮೇಯರ್, ಲೋಕ ಒಪ್ಪುವಂತೆ ಅಳೆದವನು ಜೂಲ್ ಎನ್ನುವುದು ನ್ಯಾಯ.

ಇದೇ ವೇಳೆ ಬೊಂಬಾಯಿಯಲ್ಲಿ ನಡೆದದ್ದು ಇತಿಹಾಸಗಳಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದೆ. ಅದಕ್ಕೆ ಹೆಚ್ಚಿನ ಸ್ಥಾನ ಸಲ್ಲಬೇಕು. ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಅಲ್ಲಿ ಪಾಠ ಹೇಳುತ್ತಿದ್ದ ಜಾನ್ ಜೇಮ್ಸ್ ವಾಟರ್‌ಸ್ಟನ್, ಅನಿಲದ ಉಷ್ಣವೆಂದರೆ ಅದರ ಅಣುಗಳ ಓಟವೇ ಎಂದು ಗಣಿತದಲ್ಲಿ ನಿರೂಪಿಸಿ 1845ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಕಳಿಸಿದ. ಪರಿಶೀಲಕರು ಅದನ್ನು ಅಸಂಬದ್ಧವೆಂದು ತಳ್ಳಿಹಾಕಿದರು. ಸೊಸೈಟಿ ಹಸ್ತಪ್ರತಿಯನ್ನು ಹಿಂದಿರುಗಿಸಲಿಲ್ಲ; ಆತ ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ. ಕ್ಲೌಸಿಯಸ್ 1857ರಲ್ಲಿ, ಮ್ಯಾಕ್ಸ್‌ವೆಲ್ 1860ರಲ್ಲಿ ಅದೇ ದಾರಿ ಹಿಡಿದು ಹೆಸರಾದರು. ವಾಟರ್‌ಸ್ಟನ್ 1883ರಲ್ಲಿ ಎಡಿನ್‌ಬರೋದಲ್ಲಿ ಮನೆಯಿಂದ ಹೊರಟು ಮರಳಲಿಲ್ಲ. ಪ್ರಬಂಧವನ್ನು ಸೊಸೈಟಿಯ ಭಂಡಾರದಲ್ಲಿ ರೇಲಿ 1891ರಲ್ಲಿ ಪತ್ತೆಹಚ್ಚಿ, ಮರುವರ್ಷ ಪ್ರಕಟಿಸಿದ.

ಮುಂದಿನದು ಚಿರಪರಿಚಿತ. ಕ್ಲೌಸಿಯಸ್ 1850ರಲ್ಲಿ ಕಾರ್ನೋನ ಫಲಿತಾಂಶವನ್ನೂ ಜೂಲನ ಅಳತೆಯನ್ನೂ ಹೊಂದಿಸಿದ, 1865ರಲ್ಲಿ ಎಂಟ್ರೊಪಿಗೆ ಹೆಸರಿಟ್ಟ. ಬೋಲ್ಟ್ಸ್‌ಮನ್ ಅದಕ್ಕೆ ಅಣುಗಳ ಮಟ್ಟದಲ್ಲಿ ಅರ್ಥ ಕೊಟ್ಟ. 1948ರಲ್ಲಿ ಜೂಲ್ ಉಷ್ಣದ ಅಂತಾರಾಷ್ಟ್ರೀಯ ಏಕಮಾನವಾಯಿತು. ನೀರಿನ ತ್ರಿಬಿಂದುವಿಗೆ ಕಟ್ಟಿದ್ದ ತಾಪದ ಏಕಮಾನ ಕೆಲ್ವಿನ್, 2019ರ ಮೇ 20ರಿಂದ ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ವ್ಯಾಖ್ಯಾನಗೊಂಡಿದೆ.