ಸಾಣೆಕಲ್ಲಿಲ್ಲದ ಸಾಣೆ

ಉಪ್ಪುಕಾಗದ ಅಂದರೆ ನಮ್ಮ ಕಡೆ ಯಾರಿಗಾದರೂ ತಿಳಿಯುತ್ತೆ. ಇಲ್ಲಿ ಡೊಂಬಿವಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನೇ ಕನ್ನಡದಲ್ಲಿ ಕೇಳಿದರೆ ಪಕ್ಕದ ಕಿರಾಣಿ ಅಂಗಡಿಗೆ ದಾರಿ ತೋರಿಸಿಯಾರು! "ರೇಗ್‌ಮಾಲ್" ಅನ್ನಬೇಕು. ರೇಗ್ ಎಂದರೆ ಪಾರ್ಸಿ ಭಾಷೆಯಲ್ಲಿ ಮರಳು, ಮಾಲ್ ಎಂದರೆ ಉಜ್ಜುವುದು. ಮರ ನುಣುಪು ಮಾಡಲು, ಪೇಂಟಿಗೆ ಮುಂಚೆ ಕಿಟಕಿಯ ಗ್ರಿಲ್ ತಿಕ್ಕಲು ಬಳಸುವ ಈ ಒರಟು ಕಾಗದದ ಮೇಲೆ ಬಡಗಿಯ ಉಳಿಯನ್ನು ಮಸೆದು ಕ್ಷೌರದ ಕತ್ತಿಯಷ್ಟು ಹರಿತ ಮಾಡಬಹುದು ಅಂದರೆ ನಂಬುತ್ತೀರಾ? ಅದನ್ನು ಜಗತ್ತಿಗೆಲ್ಲ ನಗುನಗುತ್ತಾ ಹೇಳಿದ ಒಬ್ಬ ಬಡಗಿಯ ಕಥೆ ಇವತ್ತು.

ಆತನ ಹೆಸರು ಸ್ಟೀವ್ ಲಮಾಂಟಿಯಾ. ಊರು ಅಮೆರಿಕದ ಸಿಯಾಟಲ್. ವರ್ಷ 1995. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಆಗಸ್ಟ್ 15ರಂದು ಇಂಟರ್ನೆಟ್ಟನ್ನು ಸಾರ್ವಜನಿಕರಿಗೆ ತೆರೆದದ್ದೂ ಅದೇ ವರ್ಷ. ಆಗ ಫೇಸ್‌ಬುಕ್, ಯೂಟ್ಯೂಬ್ ಏನೂ ಇರಲಿಲ್ಲ. ಯೂಸ್‌ನೆಟ್ ಅಂತ ಬರೀ ಅಕ್ಷರಗಳ ಒಂದು ಹರಟೆಕಟ್ಟೆ ಇತ್ತು. ಅದರಲ್ಲಿ ಮರಗೆಲಸದವರ ಗುಂಪಿಗೆ ಈತ ಒಂದು ಉದ್ದನೆಯ ಲೇಖನ ಬರೆದ. ದಪ್ಪ ಗಾಜಿನ ಹಲಗೆಗೆ ಉಪ್ಪುಕಾಗದ ಅಂಟಿಸಿ ಕೀಸುಳಿಯ ಅಲಗನ್ನು ಮಸೆದ ಅನುಭವ ಅದು. ಆ ವಿಧಾನಕ್ಕೆ "ಸ್ಕೇರಿ ಶಾರ್ಪ್" ಎಂದು ಹೆಸರಿಟ್ಟ. ಹೆದರಿಕೆ ಹುಟ್ಟಿಸುವಷ್ಟು ಹರಿತ ಅಂತ ಅರ್ಥ. ತಮಾಷೆ ಏನೆಂದರೆ, ಹೆಸರಿನ ಮುಂದೆ ದೊಡ್ಡ ಕಂಪನಿಗಳಂತೆ ಟ್ರೇಡ್‌ಮಾರ್ಕ್ ಗುರುತನ್ನೂ ಹಾಕಿಕೊಂಡ! ಮಾರುವುದಕ್ಕೆ ಕೈಯಲ್ಲಿ ಸರಕಿಲ್ಲ, ಗುಟ್ಟನ್ನೆಲ್ಲ ಪುಕ್ಕಟೆ ಹೇಳಿಯಾಗಿದೆ, ಆದರೂ ಟ್ರೇಡ್‌ಮಾರ್ಕ್.

ಈ ನಗೆಯ ಬೆಲೆ ತಿಳಿಯಬೇಕಾದರೆ ಮಸೆಯುವ ಕಷ್ಟ ಗೊತ್ತಿರಬೇಕು. ನಾನು ಹುಟ್ಟಿದ್ದು ಉತ್ತರ ಕನ್ನಡದ ಸಿದ್ದಾಪುರದ ಕಡೆ. ನಮ್ಮೂರ ಆಚಾರ್ರು ಬೆಳಿಗ್ಗೆ ಕೆಲಸಕ್ಕೆ ಮೊದಲು ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಳಿ ಮಸೆಯುತ್ತಿದ್ದರು. ಎಷ್ಟು ಓರೆಯಲ್ಲಿ ಹಿಡಿಯಬೇಕು, ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಬಾಯಲ್ಲಿ ಹೇಳುತ್ತಿರಲಿಲ್ಲ. ಮಗ ಅಪ್ಪನ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕೈಯಿಂದ ಕೈಗೆ ಕಲಿತ. ಇನ್ನು ಕಲ್ಲಿನ ತಾಪತ್ರಯ ಬೇರೆ. ಮಸೆದಂತೆ ನಡುವೆ ಸವೆದು ದೋಣಿಯಾಗುತ್ತೆ. ದೋಣಿಯಂಥ ಕಲ್ಲಿನ ಮೇಲೆ ನೇರವಾದ ಅಲಗು ಬರುವುದಿಲ್ಲ. ಮೊದಲು ಕಲ್ಲನ್ನೇ ಸಮ ಮಾಡಬೇಕು. ಆ ಮನೆತನದಲ್ಲಿ ಹುಟ್ಟದವನಿಗೆ ಈ ವಿದ್ಯೆ ದೂರವೇ ಉಳಿಯಿತು.

ಲಮಾಂಟಿಯಾ ಈ ಎರಡು ತೊಡಕನ್ನೂ ಒಂದೇ ಏಟಿಗೆ ಬಿಡಿಸಿದ. ಕಲ್ಲಿನ ಬದಲು ಗಾಜು. ಇಂದಿನ ಕಿಟಕಿ ಗಾಜು ಹೇಗೆ ತಯಾರಾಗುತ್ತೆ ಗೊತ್ತೇ? ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಬಿಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿದ ವಿಧಾನವಿದು. ನಿಂತ ನೀರಿನ ಹಾಗೆ ಸಮತಟ್ಟಾಗಿ ಬರುತ್ತೆ. ಅದರ ಮೇಲೆ ಕಾಗದ ಅಂಟಿಸಿದರೆ ಮಸೆಯುವ ಮೈಯೂ ಸಮತಟ್ಟು. ಕಾಗದ ಸವೆದರೆ ಕಿತ್ತು ಹೊಸದು ಅಂಟಿಸಿದರಾಯಿತು, ಗಾಜು ದೋಣಿಯಾಗುವ ಮಾತೇ ಇಲ್ಲ. ಮೊದಲು ಅಲಗಿನ ಬೆನ್ನನ್ನು ಕನ್ನಡಿ ಮಾಡಬೇಕು, ಆಮೇಲೆ ಓರೆಯ ಮುಖ. ಒರಟು ಕಾಗದದಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ 2000 ನಂಬರಿನ ತನಕ. ನಂಬರು ಏರಿದಷ್ಟೂ ಕಣ ಸಣ್ಣದು. ಅಂಚಿನಲ್ಲಿ ಏಳುವ ಕೂದಲೆಳೆಯಂಥ ಮುಳ್ಳು ಬೆರಳಿಗೆ ತಾಗಿದರೆ ಆ ಮೆಟ್ಟಿಲು ಮುಗಿಯಿತು ಅಂತ ಲೆಕ್ಕ.

ಉಪ್ಪುಕಾಗದದ ಮೇಲೆ ಮಸೆದವರು ಅವನಿಗಿಂತ ಮೊದಲೂ ಇದ್ದರು. ಕಾಗದಕ್ಕೂ ದೊಡ್ಡ ಚರಿತ್ರೆಯಿದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೋದಾಗ ಸಿಕ್ಕಿದ್ದು ಸಿಲಿಕಾನ್ ಕಾರ್ಬೈಡ್, ಅಂದರೆ ಕಾರ್ಬೊರಂಡಮ್. 1902ರಲ್ಲಿ ಮಿನೆಸೋಟದಲ್ಲಿ ಐವರು ಸೇರಿ ಸಾಣೆಯ ಖನಿಜ ಕುರುಂದ ತೆಗೆಯಲು 3ಎಂ ಕಂಪನಿ ಕಟ್ಟಿದರು. ಗಣಿಯಲ್ಲಿ ಸಿಕ್ಕಿದ್ದು ಕುರುಂದವೇ ಅಲ್ಲ! ಉಪ್ಪುಕಾಗದ ಮಾಡಿ ಬದುಕಿಕೊಂಡರು. 1921ರಲ್ಲಿ ಫ್ರಾನ್ಸಿಸ್ ಓಕಿ ಅನ್ನುವಾತ ಅವರಿಗೆ ನೀರಲ್ಲಿ ನೆನೆದರೂ ಹಾಳಾಗದ ಕಾಗದ ಮಾಡಿಕೊಟ್ಟ. ನಮ್ಮ ಗ್ಯಾರೇಜಿನವರು ವಾಟರ್ ಪೇಪರ್ ಅನ್ನುತ್ತಾರಲ್ಲ, ಅದೇ. ಓಕಿ ಬ್ಲೇಡಿನ ಬದಲು ಉಪ್ಪುಕಾಗದದಿಂದಲೇ ಗಡ್ಡ ತೆಗೆಯಲು ನೋಡಿದವನಂತೆ! ಈ ಕಸುಬಿನಲ್ಲಿ ನಗೆಗೇನೂ ಕೊರತೆಯಿಲ್ಲ.

ನಮ್ಮ ಈ ಭಾಗಕ್ಕೂ ಸಾಣೆಯ ನಂಟಿದೆ. ನವಿ ಮುಂಬಯಿಯ ಸೆರಗಿನಲ್ಲಿರುವ ಉರಣದ ಹತ್ತಿರ ಮೋರಾ ಬಂದರಿದೆ. ಈಗ ಗ್ರೈಂಡ್‌ವೆಲ್ ನಾರ್ಟನ್ ಎನಿಸಿರುವ ಕಂಪನಿ 1941ರಲ್ಲಿ ಸಾಣೆಚಕ್ರ ಮಾಡಲು ತೊಡಗಿದ್ದು ಅಲ್ಲೇ. 2024ರಿಂದ ಉರಣದ ತನಕ ಲೋಕಲ್ ರೈಲೇ ಹೋಗುತ್ತೆ.

ಬಿಕಾಂ ಓದಿದವನಿಗೆ ಲೆಕ್ಕ ಹಾಕದೆ ಇರಲಾಗುವುದಿಲ್ಲ, ಕ್ಷಮಿಸಿ. ಒಳ್ಳೆಯ ಸಾಣೆಕಲ್ಲು ಬಂಡವಾಳದ ಖರ್ಚು, ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತೆ. ಉಪ್ಪುಕಾಗದ ನಿತ್ಯದ ಖರ್ಚು, ಪ್ರತಿಸಲ ಹೊಸ ಹಾಳೆ ಬೇಕು. ದಿನವೂ ಮಸೆಯುವ ಕಸುಬುದಾರನಿಗೆ ಕೊನೆಗೆ ಕಲ್ಲೇ ಅಗ್ಗ. ಆದರೆ ಹೊಸಬನ ಹತ್ತಿರ ಬಂಡವಾಳ ಎಲ್ಲಿಂದ ಬರಬೇಕು? ಬ್ಯಾಂಕಿನಲ್ಲಿ ಸಣ್ಣ ಸಾಲದ ಅರ್ಜಿಗಳನ್ನು ನೋಡಿ ನೋಡಿ ನನಗೆ ಒಂದು ಮಾತು ಮನದಟ್ಟಾಗಿದೆ. ಮನುಷ್ಯನನ್ನು ತಡೆಯುವುದು ಬಹಳ ಸಲ ಒಟ್ಟು ಖರ್ಚಲ್ಲ, ಮೊದಲ ಖರ್ಚು. ಲಮಾಂಟಿಯಾ ತೆಗೆದುಹಾಕಿದ್ದು ಆ ಮೊದಲ ಅಡ್ಡಿಯನ್ನು.

ಅಪ್ಪ ತೀರಿಕೊಂಡ ಮೇಲೆ ಊರಿನಿಂದ ನಾನು ತಂದದ್ದು ಅವರ ಒಂದು ಕೀಸುಳಿ. ಅಲಗು ತುಕ್ಕು ಹಿಡಿದಿತ್ತು. ಆಚಾರ್ರ ಮಗ ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಕೇಳೋಣವೆಂದರೆ ಅವನೂ ಕಲಿತಿಲ್ಲ. ಇಲ್ಲಿಯ ಬಡಗಿಗಳೋ, ಪ್ಲೈವುಡ್ಡು, ಸನ್‌ಮೈಕಾ, ವಿದ್ಯುತ್ ಗರಗಸದವರು. ಕಲ್ಯಾಣದ ಪಕ್ಕ ಉಲ್ಲಾಸನಗರದ ಫರ್ನಿಚರ್ ಬಜಾರಿನಲ್ಲಿ ವಿಚಾರಿಸಿದರೆ "ಇದನ್ನು ಯಾಕೆ ಮಸೆಯುತ್ತೀರಿ ಸಾಬ್, ಹೊಸದು ತಗೊಳ್ಳಿ" ಎಂಬ ಸಲಹೆ ಸಿಕ್ಕಿತು. ಕೊನೆಗೆ ಕೈ ಹಿಡಿದದ್ದು ಲಮಾಂಟಿಯಾನ ವಿಧಾನವೇ. ಬಾಲ್ಕನಿಯಲ್ಲಿ ಗಾಜಿನ ತುಂಡು, ನಾಲ್ಕಾರು ಹಾಳೆ ವಾಟರ್ ಪೇಪರ್, ಎರಡು ಭಾನುವಾರ. ಸಾಗುವಾನಿ ತುಂಡಿನ ಮೇಲೆ ಓಡಿಸಿದಾಗ ಈರುಳ್ಳಿ ಸಿಪ್ಪೆಯಂಥ ಹೊಟ್ಟು ಸುರುಳಿ ಸುರುಳಿಯಾಗಿ ಎದ್ದಿತು. ಅಪ್ಪನ ಕೈಯಲ್ಲಿ ಏಳುತ್ತಿದ್ದ ಹಾಗೇ.

ನಾನು ಎಂದೂ ಕಾಣದ ಒಬ್ಬ ಮನುಷ್ಯ ನನ್ನ ಅಪ್ಪನ ಉಪಕರಣಕ್ಕೆ ಜೀವ ತುಂಬಿದ. ಅವನಿಗಿಂತ ಚೆನ್ನಾಗಿ ಮಸೆಯುವವರು ನಮ್ಮ ಪ್ರತಿ ಊರಿನಲ್ಲೂ ಇದ್ದರು. ಅವರು ಬರೆದಿಡಲಿಲ್ಲ, ಬರೆಯಿರಿ ಅಂತ ನಾವೂ ಕೇಳಲಿಲ್ಲ. ಇವತ್ತು ಅಂಗಡಿಗಳು ಸ್ಕೇರಿ ಶಾರ್ಪ್ ಅನ್ನುವ ಹೆಸರಿನಲ್ಲೇ ಕಿಟ್ ಮಾರುತ್ತವೆ. ತಮಾಷೆಗೆ ಅಂಟಿಸಿದ ಹೆಸರು ನಿಜವಾಗಿಯೇ ಸರಕಾಯಿತು, ನೋಡಿ.

ಠಾಣೆ, ಕಲ್ಯಾಣ, ವಾಶಿ ಎಂದು ಹಂಚಿಹೋದ ನಮ್ಮವರ ಮನೆಗಳಲ್ಲಿ ಇಂಥ ಎಷ್ಟು ಕೈಗೆಲಸದ ನೆನಪುಗಳಿವೆಯೋ! ಕತ್ತಿಗೆ ಹಿಡಿ ಕೂರಿಸುವುದು, ಬುಟ್ಟಿಗೆ ಬಿದಿರು ಸೀಳುವುದು, ಬೀಸುವ ಕಲ್ಲಿಗೆ ಮುಳ್ಳು ಹೊಡೆಯುವುದು... ನಿಮ್ಮೂರಲ್ಲಿ ಹೇಗೆ ಮಾಡುತ್ತಿದ್ದರು? ಹಂತ ಹಂತವಾಗಿ ಬರೆದಿಡಿ. ನಗುತ್ತಾ ಬರೆದರೆ ಇನ್ನೂ ಒಳ್ಳೆಯದು, ಜನ ಕೊನೆಯ ತನಕ ಓದುತ್ತಾರೆ.