ಹೆದರಿಸುವ ಸದ್ದಿನ ಕಸುಬು

1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ಹಳಬರು ಮರೆತಿಲ್ಲ. ರಾತ್ರಿ ಬರುವ ದೆವ್ವ ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಎಂಬ ವದಂತಿ ಅದು. ಆ ದೆವ್ವಕ್ಕೆ ರೂಪವಿರಲಿಲ್ಲ, ದನಿ ಮಾತ್ರ ಇತ್ತು. ಈಗ ಬನಶಂಕರಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಅಕ್ಟೋಬರ್ 31 ಬಂತೆಂದರೆ ಮಕ್ಕಳು ಹ್ಯಾಲೋವೀನ್ ವೇಷ ಹಾಕುತ್ತಾರೆ, ಸ್ಪೀಕರಿನಲ್ಲಿ ಗಾಳಿ ಊಳಿಡುತ್ತದೆ. ಹಬ್ಬ ಹೊಸದು; ಸದ್ದಿನಿಂದ ಹೆದರಿಸುವ ಕಸುಬು ಕನ್ನಡನಾಡಿಗೆ ಹೊಸದಲ್ಲ.

ಕರಾವಳಿ, ಕಾಸರಗೋಡಿನ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಪ್ರವೇಶವನ್ನೇ ನೋಡಿ. ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಕಷ್ಟಪಟ್ಟು ಬರೆದ ಮುಖವನ್ನು ಕಲಾವಿದ ಕೂಡಲೇ ತೋರಿಸುವುದಿಲ್ಲ. ಮೊದಲು ಅಬ್ಬರ ಕೇಳಬೇಕು: ಗಂಟಲಾಳದಿಂದ ಎದ್ದು, ಮೇಲೇರಿ, ಒಡೆದು ಹೋಗುವ ಕೂಗು. ಅದರ ಬೆನ್ನಿಗೆ ಚೆಂಡೆ. ಹಳೆಯ ಆಟಗಳಲ್ಲಿ ಉರಿಯುವ ದೊಂದಿಗೆ ರಾಳದ ಪುಡಿ ಎರಚುತ್ತಿದ್ದರು. ಭಗ್ಗನೆ ಎದ್ದ ಬೆಂಕಿಯಲ್ಲಿ ರಾಕ್ಷಸ ಕ್ಷಣಮಾತ್ರ ಕಂಡು ಮತ್ತೆ ಕತ್ತಲಾಗುತ್ತಿತ್ತು. ತೆರೆಯ ಹಿಂದಿನಿಂದ ಕಿರೀಟದ ತುದಿ ಕಾಣುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹಿಡಿದಾಗಿರುತ್ತಿತ್ತು. ಕಿವಿಗೆ ಮೊದಲು, ಕಣ್ಣಿಗೆ ಆಮೇಲೆ. ಭಯ ಹುಟ್ಟುವುದು ಈ ಎರಡರ ನಡುವಿನ ಬಿಡುವಿನಲ್ಲೇ.

ನಾಟಕದವರು ತಗಡು ಅಲುಗಿಸಿ ಗುಡುಗು ತಂದರು. ರೇಡಿಯೊ ನಾಟಕಕ್ಕಂತೂ ತೋರಿಸಲು ಏನೂ ಇಲ್ಲ, ಹೆಜ್ಜೆ, ಬಾಗಿಲು, ಮಳೆ ಎಲ್ಲವೂ ಸದ್ದೇ.

ಸಿನಿಮಾದಲ್ಲಿ ಈ ಕೆಲಸ ರೀರೆಕಾರ್ಡಿಂಗಿನ, ಅಂದರೆ ಹಿನ್ನೆಲೆ ಸಂಗೀತದ, ಪಾಲಿಗೆ ಬಂತು. 1979ರ ದೆವ್ವದ ಚಿತ್ರ ‘ನಾ ನಿನ್ನ ಬಿಡಲಾರೆ’ಗೆ ರಾಜನ್-ನಾಗೇಂದ್ರ ಸಂಗೀತ ಕೊಟ್ಟರು. 1989ರ ‘ತರ್ಕ’ದಲ್ಲಿ ನಿರ್ದೇಶಕ ಸುನೀಲ್ ಕುಮಾರ್ ದೇಸಾಯಿ ಹಾಡುಗಳನ್ನೇ ಕೈಬಿಟ್ಟರು, ಆತಂಕದ ಭಾರವೆಲ್ಲ ಗುಣಸಿಂಗ್ ಅವರ ಹಿನ್ನೆಲೆ ಸಂಗೀತದ ಮೇಲೆ ಬಿತ್ತು. ಆ ಧೈರ್ಯಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ. 1993ರ ಉಪೇಂದ್ರರ ‘ಶ್!’ ಚಿತ್ರದಿಂದ ಸಂಗೀತ ನಿರ್ದೇಶಕರಾದ ಸಾಧು ಕೋಕಿಲ ಹೆಸರಾಂತ ಕೀಬೋರ್ಡ್ ವಾದಕರು.

ಇಂದಿನ ಎಲೆಕ್ಟ್ರಾನಿಕ್ ಕೀಬೋರ್ಡಿಗಿಂತ ಹಳೆಯ ದಾರಿಯೊಂದಿದೆ: ಮಾಡ್ಯುಲರ್ ಸಿಂಥಸೈಜರ್. 1964ರಲ್ಲಿ ರಾಬರ್ಟ್ ಮೋಗ್ ತಮ್ಮ ಮೊದಲ ಮಾದರಿ ಕಟ್ಟಿದರು. 1969ರಲ್ಲೇ ಮೋಗ್ ಸಿಂಥಸೈಜರೊಂದು ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ ತಲುಪಿತು. ನ್ಯೂಯಾರ್ಕಿನ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಸ್ಟುಡಿಯೊ ಸಜ್ಜುಮಾಡಿಕೊಟ್ಟರು. ಈ ಸಿಂಥಸೈಜರಿನಲ್ಲಿ ಮೊದಲೇ ತಯಾರಾದ ಸದ್ದು ಇರುವುದಿಲ್ಲ. ಬಿಡಿಬಿಡಿ ಪೆಟ್ಟಿಗೆಗಳನ್ನು ವೈರಿನಿಂದ ಜೋಡಿಸಿ ಪ್ರತಿಯೊಂದನ್ನೂ ಹುಟ್ಟಿಸಬೇಕು. ವೈಟ್ ನಾಯ್ಸ್ ಎಂಬ ಸುಯ್ಯೆನ್ನುವ ಸದ್ದನ್ನು ಫಿಲ್ಟರಿಗೆ ಹಾಯಿಸಿ ಗುಬುಟನ್ನು ನಿಧಾನವಾಗಿ ತಿರುಗಿಸಿದರೆ ಗಾಳಿ ಊಳಿಡುತ್ತದೆ. 100 ಮತ್ತು 101 ಹರ್ಟ್ಸ್‌ನ ಎರಡು ಸ್ವರಗಳನ್ನು ಕೂಡಿಸಿದರೆ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುವ ಮಿಡಿತ ಕೇಳುತ್ತದೆ.

ಈ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ವಿಚಿತ್ರ ರಿಂಗ್ ಮಾಡ್ಯುಲೇಟರ್. 400 ಮತ್ತು 130 ಹರ್ಟ್ಸ್ ಕೊಟ್ಟರೆ ಹೊರಬರುವುದು ಅವುಗಳ ಮೊತ್ತ 530, ವ್ಯತ್ಯಾಸ 270. ಕೊಟ್ಟ ಎರಡು ಸ್ವರಗಳೂ ಮಾಯ. 1963ರಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಖಳರಾದ ಡಾಲೆಕ್‌ಗಳಿಗೆ ಆ ಕರ್ಕಶ ಮಾತು ದಕ್ಕಿದ್ದು ಇದರಿಂದಲೇ. ತೆಂಕುತಿಟ್ಟಿನ ಅಬ್ಬರವನ್ನು ಮೈಕಿನಲ್ಲಿ ಹಿಡಿದು ಇದಕ್ಕೆ ಹಾಯಿಸಿ, ಜೊತೆಗೆ 30 ಹರ್ಟ್ಸ್ ಕೊಟ್ಟು ನೋಡಲೇಬೇಕು. ಡೌನ್‌ಲೋಡ್ ಮಾಡಿದ ಕಿರುಚಾಟದ ಬದಲು ಈ ನಾಡಿನದೇ ಒಂದು ದನಿ ಹ್ಯಾಲೋವೀನ್ ಸಂಜೆಗೆ ಸಿಗುತ್ತದೆ.